ಹಳದಿ ಕುರ್ಚಿ, ನೀಲಿ ಪರದೆ

ಮನೆಗೆ ನೀಲಿ ಪರದೆ ಬಂದ ದಿನವೇ ಗುಮಾಸ್ತರ ಆರಾಮಕುರ್ಚಿಯ ಗ್ರಹಚಾರ ಕೆಟ್ಟಿತು. ಕುರ್ಚಿಯದು ಮಾಸಲು ಹಳದಿ. ಭಾನುವಾರ ಅದರಲ್ಲಿ ಒರಗಿ ತೂಕಡಿಸುವುದೊಂದೇ ಗುಮಾಸ್ತರ ಬಾಳಿನ ಸುಖ. ವಾರವಿಡೀ ಆಫೀಸಿನಲ್ಲಿ ಬೈಸಿಕೊಳ್ಳುತ್ತಿದ್ದುದೂ ಆ ಒಂದು ನಿದ್ದೆಯ ಆಸೆಗೇ.

“ರೀ, ಕೋಣೆ ಅಂದ್ಮೇಲೆ ಒಂದಕ್ಕೊಂದು ಹೊಂದ್ಬೇಕು,” ಎಂದರು ಹೆಂಡತಿ, ತಂಗಿಯ ಮನೆಗೆ ಹೊರಡುತ್ತ. “ಸಂಜೆ ನಾನು ಬರೋ ಹೊತ್ತಿಗೆ ಹೊಂದದೇ ಇರೋದು ಒಂದೂ ಇಲ್ಲಿರ್ಕೂಡ್ದು. ಆ ಕುರ್ಚಿ ಗುಜರಿಗೆ ಹಾಕಿ.”

ಗುಮಾಸ್ತರು ಸಪ್ಪೆ ಮುಖ ಹಾಕಿಕೊಂಡು ಕುರ್ಚಿಯ ತೋಳು ಸವರಿದರು. ಅಷ್ಟರಲ್ಲಿ ಮಹಡಿಮನೆಯ ಡ್ರಾಯಿಂಗ್ ಮೇಷ್ಟ್ರು ಕರೆಯದೆಯೇ ಇಳಿದು ಬಂದರು. ರಿಟೈರಾದ ಮೇಲೆ ತಿದ್ದಲು ಹುಡುಗರ ಚಿತ್ರಗಳಿಲ್ಲದೆ ಅವರ ಕೈ ಕಡಿಯುತ್ತಿತ್ತು.

“ಏನಯ್ಯಾ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಂಡಿದೀಯಲ್ಲ! ಕುರ್ಚೀನೇ ಕೋಣೆಗೆ ಹೊಂದ್ಬೇಕು ಅಂತ ಯಾರು ಹೇಳಿದ್ದು? ಕೋಣೆನ ಕುರ್ಚಿಗೆ ಹೊಂದಿಸು.”

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಯ ಬಣ್ಣವನ್ನು ಕಣ್ತುಂಬ ನೋಡಿಕೊಂಡು, ಅದನ್ನು ಜಗಲಿಗೆ ಎಳೆದಿಟ್ಟು, ಗೋಡೆಗೆ ಹಳದಿ ಬಳಿಯತೊಡಗಿದರು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಚಹಾ ಹೀರುತ್ತ, “ಇನ್ನೊಂಚೂರು ಕಂದು... ಅಯ್ಯೋ, ಜಾಸ್ತಿ ಆಯ್ತು,” ಎನ್ನುತ್ತಿದ್ದರು. ಏಣಿ ಜಾರಿತು, ಡಬ್ಬಿ ಉರುಳಿತು. ಚಾಪೆಯೂ ಗುಮಾಸ್ತರೂ ಒಂದೇ ಬಣ್ಣವಾದರು.

“ಒಳ್ಳೇದೇ ಆಯ್ತು ಬಿಡು, ಚಾಪೆನೂ ಹೊಂದ್ತು,” ಎಂದರು ಮೇಷ್ಟ್ರು.

ಉಳಿದದ್ದು ಪರದೆ. ಅದು ಕಿಟಕಿಗೇರಿದ ಗಳಿಗೆಯಿಂದಲೂ ಅದರ ಮೇಲೆ ಕಣ್ಣಿಟ್ಟಿದ್ದ ಎದುರುಮನೆಯಾಕೆ ಸರಿಯಾದ ಹೊತ್ತಿಗೆ ಬಾಗಿಲಲ್ಲಿ ನಿಂತರು.

“ನಮ್ಮನೇದು ಹಳದಿ ಪರದೆ, ನೀವಿಟ್ಕೊಳ್ಳಿ. ನಿಮ್ಮ ನೀಲೀದು ನಮಗಿರ್ಲಿ. ಅಕ್ಕಪಕ್ಕದೋರು ಅಂದ್ಮೇಲೆ ಅಷ್ಟೂ ಮಾಡ್ದಿದ್ರೆ ಹೇಗೆ?”

ಗುಮಾಸ್ತರು ಬಾಯಿ ತೆರೆಯುವಷ್ಟರಲ್ಲಿ ನೀಲಿ ಪರದೆ ರಸ್ತೆ ದಾಟಿತ್ತು.

ಸಂಜೆಗೆ ಕೋಣೆ ಸಿದ್ಧವಾಯಿತು. ಇನ್ನು ಕುರ್ಚಿ ಇಟ್ಟರಾಯಿತು ಎಂದು ಜಗಲಿಗೆ ಬಂದರೆ, ಕುರ್ಚಿಯೇ ಇಲ್ಲ!

“ಆಗ್ಲೇ ಯಾರೋ ಕೈಗಾಡೀಲಿ ಹೇರ್ಕೊಂಡು ಹೋದ್ರಲ್ಲ,” ಎದುರುಮನೆಯಾಕೆ ಕಿಟಕಿಯಿಂದ ಕೂಗಿದರು. “ಗುಜರಿಯೋರು ಅಂದ್ಕೊಂಡೆ.”

ಗುಮಾಸ್ತರು ಗಲ್ಲಿ ಗಲ್ಲಿ ಓಡಿದರು. ಬರಿಗೈಯಲ್ಲಿ ಮರಳಿ, ಅಳುವುದೊಂದು ಬಾಕಿ ಎಂಬಂತೆ ಮೆಟ್ಟಿಲ ಮೇಲೆ ಕುಸಿದಾಗ ಕೈಗಾಡಿಯೊಂದು ಬಂದು ನಿಂತಿತು. ಅದರ ಮೇಲೆ ಥಳಥಳಿಸುವ ನೀಲಿ ಕುರ್ಚಿ. ಹಿಂದೆ ಮುಖವರಳಿಸಿಕೊಂಡ ಹೆಂಡತಿ.

“ಬೆಳಿಗ್ಗೆ ನಿಮ್ಮ ಮುಖ ನೋಡಿ ಕರುಳು ಚುರುಕ್ ಅಂತು ಕಣ್ರೀ. ಕುಶನ್ ಅಂಗಡಿಯೋರ್ನ ಕಳಿಸ್ದೆ, ಕುರ್ಚಿ ಜಗಲೀಲೇ ಇತ್ತಂತೆ, ಹೇರ್ಕೊಂಡು ಬಂದ್ರು. ಅದಕ್ಕೇ ಪರದೆ ಬಣ್ಣದ ಬಟ್ಟೆ ಹಾಕಿಸ್ದೆ. ಇನ್ನು ಆರಾಮಾಗಿ...”

ಎನ್ನುತ್ತ ಒಳಗೆ ಇಣುಕಿದರು. ಹಳದಿ ಗೋಡೆ, ಹಳದಿ ಚಾಪೆ, ಹಳದಿ ಪರದೆ. ನೀಲಿ ಪರದೆ ಎದುರುಮನೆಯ ಕಿಟಕಿಯಲ್ಲಿ ಗಾಳಿಗೆ ಹಾರಾಡುತ್ತಿತ್ತು.

“ಅಯ್ಯೋ, ಈ ಕುರ್ಚಿ ನಮ್ಮ ಕೋಣೆಗೆ ಹೇಳಿ ಮಾಡಿಸ್ದ ಹಾಗಿದೆ!” ಎಂದರು ಎದುರುಮನೆಯಾಕೆ.

“ತಗೊಂಡ್ಹೋಗಿ! ಪರದೆ ಇರೋ ಕಡೇನೇ ಕುರ್ಚಿನೂ ಇರ್ಲಿ!” ಹೆಂಡತಿ ಸಿಡಿದರು. ಕುರ್ಚಿಯನ್ನು ರಸ್ತೆ ದಾಟಿಸಲು ಮೇಷ್ಟ್ರು ಮುತುವರ್ಜಿಯಿಂದ ಕೈಜೋಡಿಸಿದರು.

ಗುಮಾಸ್ತರಿಗೆ ಸಂಕಟ ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ತಾವೂ ಮೆಲ್ಲಗೆ ರಸ್ತೆ ದಾಟಿದರು.

“ಒಂದೇ ಒಂದು ಗಳಿಗೆ ಒರಗಿಕೊಳ್ಲಾ ಅಮ್ಮಾ?”

ಎದುರುಮನೆಯಾಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬೇಜಾರು ಮಾಡ್ಕೋಬೇಡಿ ಗುಮಾಸ್ತರೇ. ನೀವು ಪೂರ್ತಿ ಹಳದಿ ಆಗಿದೀರ. ಈ ಕೋಣೆಗೆ ಹೊಂದಲ್ಲ.”