ಬಳೆಯೊಳಗೆ ನುಸುಳದ ಹೂವು

ಆ ವರ್ಷ ಬೇಸಿಗೆ ಕಾಲಿಡುವ ಮೊದಲೇ ವಿಲ್ಫ್ ಹೆಡ್ಲಿ ಊರಿಗೆಲ್ಲ ಸಾರಿಬಿಟ್ಟಿದ್ದ: ಈ ಸಲದ ಹೂವು-ತರಕಾರಿ ಪ್ರದರ್ಶನದಲ್ಲಿ ಪಾಂಪನ್ ಡೇಲಿಯಾ ಹೂವಿಗೆ ಕೊಡುವ ಬೆಳ್ಳಿ ಬಟ್ಟಲು ತನ್ನದೇ. ಕ್ಲಬ್ಬಿನಲ್ಲಿ ಸಾರಿದ, ಕ್ಷೌರದಂಗಡಿಯಲ್ಲಿ ಸಾರಿದ, ಚರ್ಚಿನ ಬಾಗಿಲಲ್ಲಿ ಪಾದ್ರಿಯವರ ಕೈ ಕುಲುಕುತ್ತ ಅವರ ಕಿವಿಗೂ ಹಾಕಿದ. ನಿಜವಾಗಿ ಕೇಳಿಸಬೇಕಾಗಿದ್ದುದು ಒಬ್ಬನಿಗೆ ಮಾತ್ರ, ಗೋಡೆಯಾಚೆಯ ನೆರೆಮನೆಯ ನಾರ್ಮನ್ ಟ್ವೆಡಲ್‌ಗೆ. ಆ ಬಟ್ಟಲು ವರ್ಷವರ್ಷವೂ ನಾರ್ಮನ್‌ನ ಕಿಟಕಿಯಲ್ಲೇ ಕುಳಿತು, ವಿಲ್ಫ್ ಹಾಲಿನ ಬಾಟಲಿ ಎತ್ತಿಕೊಳ್ಳಲು ಹೊರಬಂದಾಗಲೆಲ್ಲ ಅವನನ್ನು ನೋಡಿ ಹಲ್ಲು ಕಿರಿಯುತ್ತಿತ್ತು.

ಪಾಂಪನ್ ಡೇಲಿಯಾದ ಪಂದ್ಯ ಇತರ ಪಂದ್ಯಗಳಂತಲ್ಲ. ಕೌಲ್‌ಬರ್ನ್ ಎಂಬ ಆ ಗಣಿ ಊರಿನಲ್ಲಿ ಈರುಳ್ಳಿ ದೊಡ್ಡದಾದಷ್ಟೂ ಬಹುಮಾನ, ಕುಂಬಳ ದೊಡ್ಡದಾದಷ್ಟೂ ಬಹುಮಾನ. ಈರುಳ್ಳಿಯ ದಾಯಾದಿಯಾದ ಲೀಕ್ ಅಂತೂ ತೋಳಿನಷ್ಟು ದಪ್ಪವಾದರೆ ಬೆಳೆದವನಿಗೆ ರಾಜಮರ್ಯಾದೆ. ಪಾಂಪನ್ ಒಂದೇ ಇದಕ್ಕೆ ಹೊರತು. ಅದು ಪುಟ್ಟದಾಗಿರಬೇಕು, ಜೇನುಗೂಡಿನ ಕಣ್ಣುಗಳಂಥ ಸುರುಳಿ ಎಸಳುಗಳಿಂದ ಚೆಂಡಿನ ಹಾಗೆ ದುಂಡಗಿರಬೇಕು. ತೀರ್ಪುಗಾರರ ಕಿಸೆಯಲ್ಲಿ ಹಿತ್ತಾಳೆಯದೊಂದು ಬಳೆ ಇರುತ್ತದೆ. ಹೂದಾನಿಯಲ್ಲಿಟ್ಟ ಐದು ಹೂಗಳಿಗೂ ಒಂದೊಂದಾಗಿ ಆ ಬಳೆ ತೊಡಿಸಿ ನೋಡುತ್ತಾರೆ. ಸಲೀಸಾಗಿ ಇಳಿದರೆ ಸರಿ. ಒಂದೇ ಒಂದು ಎಸಳಿಗೆ ತಗುಲಿದರೂ ಐದಕ್ಕೂ ಮನೆಯ ದಾರಿ. ಹಿಂದಿನ ವರ್ಷ ವಿಲ್ಫ್‌ನ ಕೊನೆಯ ಹೂವಿನ ಎಸಳೊಂದು ಬಳೆಗೆ ಮುತ್ತಿಟ್ಟಿತ್ತು. ಆ ಮುತ್ತು ಅವನನ್ನು ಚಳಿಗಾಲವೆಲ್ಲ ಸುಟ್ಟಿತ್ತು.

ಆದ್ದರಿಂದ ಈ ಸಲ ಅವನು ತಾನೂ ಒಂದು ಬಳೆ ಮಾಡಿಸಿಕೊಂಡ. ಗಿಡಗಳನ್ನು ಅರೆಹೊಟ್ಟೆಯಲ್ಲಿ ಬೆಳೆಸಿದ. ಗೊಬ್ಬರದ ವಾಸನೆಯನ್ನೂ ತೋರಿಸಲಿಲ್ಲ. ಪಕ್ಕದ ಮೊಗ್ಗುಗಳನ್ನು ಚಿವುಟಲಿಲ್ಲ. ಗಿಡದ ಶಕ್ತಿ ಹತ್ತಾರು ಹೂಗಳಿಗೆ ಹಂಚಿಹೋದರೆ ಯಾವ ಹೂವೂ ಕೊಬ್ಬುವುದಿಲ್ಲ. ಬಿಸಿಲಿಗೆ ಬಣ್ಣ ಕಂದೀತೆಂದು ಮನೆಯ ಛತ್ರಿಗಳೆಲ್ಲ ಗಿಡಗಳ ಮೇಲೆ ಬಿಚ್ಚಿಕೊಂಡು ನಿಂತವು. ಅವನ ಹೆಂಡತಿ ಮರ್ಟಲ್ ಮಳೆಯಲ್ಲಿ ತಲೆಗೆ ಬ್ರೆಡ್ಡಿನ ಚೀಲ ಕಟ್ಟಿಕೊಂಡು ಪೇಟೆಗೆ ಹೋಗಿಬಂದಳು. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗವೇ ಗಡಿ. ಅದರಾಚೆ ಅವಳು ಕಾಲಿಡುವಂತಿರಲಿಲ್ಲ.

“ಅದೇನು ನಾನು ಹತ್ರ ಬಂದ್ರೆ ಬಾಡಿಹೋಗ್ತವಾ?” ಎಂದು ಅವಳು ಹಗ್ಗದ ಈಚೆಯಿಂದಲೇ ಕೇಳಿದಳು.

“ಹಾಗಲ್ಲ ಕಣೇ. ಇವನ್ನ ಬೆಳೆಸೋದು ಸೂಕ್ಷ್ಮದ ಕೆಲಸ.”

“ನಾಲ್ಕು ಮಕ್ಕಳನ್ನ ಬೆಳೆಸಿದ್ದು ಯಾರು ಮತ್ತೆ, ಟ್ವೆಡಲ್ಲಾ?”

ವಿಲ್ಫ್ ಕಳೆ ಕೀಳಲು ಬಗ್ಗಿದ. ಅವನ ಪಾತಿಯಲ್ಲಿ ಕಳೆಯೇ ಇರಲಿಲ್ಲ.

ಎಲ್ಲವೂ ನೆಟ್ಟಗೆ ನಡೆಯುತ್ತಿರುವಾಗ, ಪ್ರದರ್ಶನಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ, ಸ್ಕಾರ್ಬರೋ ಪಟ್ಟಣದಲ್ಲಿದ್ದ ಅವನ ಅಕ್ಕ ಐಡಾ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಳು. ಒಂಟಿ ಹೆಂಗಸು, ಹೋಗದೆ ವಿಧಿಯಿಲ್ಲ. ಪ್ರದರ್ಶನದ ಹಿಂದಿನ ದಿನ ಬಂದುಬಿಡುವೆನೆಂದು ಹೇಳಿ ವಿಲ್ಫ್ ಹೊರಟ. ಹೊರಡುವ ಮುನ್ನ ಹೆಂಡತಿಯನ್ನು ಹಗ್ಗ ದಾಟಿಸಿ ಕರೆದುಕೊಂಡು ಹೋಗಿ ಉಪದೇಶ ಮಾಡಿದ.

“ನೀರು ಮರೀಬೇಡ. ಕಿವಿಹುಳ ಎಸಳು ಕಡಿಯುತ್ತೆ. ಅದಕ್ಕೇ ಕುಂಡಗಳಿಗೆ ಹುಲ್ಲು ತುಂಬಿ ಕೋಲಿನ ಮೇಲೆ ಬೋರಲು ಹಾಕಿದೀನಿ. ಬೆಳಕಾದ್ರೆ ಅದರೊಳಗೆ ಸೇರ್ಕೊಳ್ತವೆ, ಬೆಳಿಗ್ಗೆ ಕೊಡವಿ ಹಾಕು. ಛತ್ರಿ ಗಾಳಿಗೆ ಹಾರದ ಹಾಗೆ ನೋಡ್ಕೋ. ಮಿಕ್ಕಿದ್ದು ನಾನೇನು ಹೇಳ್ಲಿ? ನಿನ್ನ ಮಕ್ಕಳು ಅಂತಲೇ ತಿಳ್ಕೋ.”

“ತಿಳ್ಕೊಂಡೆ, ಹೋಗಿ ಬಾ,” ಎಂದಳು ಮರ್ಟಲ್.

ಅವನು ಎಡವಿದ್ದು ಇಲ್ಲಿಯೇ. ಪಾಂಪನ್ ಪುಟ್ಟದಾಗಿರಬೇಕು ಎಂಬ ಒಂದು ಮಾತನ್ನು ಅವನು ಹೇಳಲೇ ಇಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂದು ಯಾರಾದರೂ ಹೆಂಡತಿಗೆ ಹೇಳಿಹೋಗುತ್ತಾರೆಯೆ? ಆದರೆ ಮರ್ಟಲ್ ಆ ಬಳೆಯನ್ನು ಕಣ್ಣಿಂದ ಕಂಡವಳಲ್ಲ. ಅವಳಪ್ಪ ಆ ಸೀಮೆಗೆಲ್ಲ ಹೆಸರಾದ ಲೀಕ್ ಬೆಳೆಗಾರ. ಪ್ರದರ್ಶನಕ್ಕೆ ಹೋದರೆ ಅವಳು ಲೀಕ್ ಡೇರೆಯಿಂದ ಚಹಾದ ಮೇಜಿಗೆ, ಚಹಾದ ಮೇಜಿನಿಂದ ಮನೆಗೆ. ಬಹುಮಾನವೆಂದರೆ ಗಾತ್ರ ಎಂದು ತೊಟ್ಟಿಲಲ್ಲೇ ಕಲಿತವಳು ಅವಳು. ಹಗ್ಗದಾಚೆ ಹೋಗಿ ಆ ಬಡಕಲು ಗಿಡಗಳನ್ನು ಹತ್ತಿರದಿಂದ ಕಂಡಾಗ ಅವಳ ಕರುಳು ಚುರುಕ್ಕೆಂದಿತು. ಮಕ್ಕಳೆಂದ ಮೇಲೆ ಹಸಿದಿರಬಾರದಲ್ಲ.

ವಿಲ್ಫ್ ಪ್ರತಿ ಸಂಜೆ ಫೋನು ಮಾಡುತ್ತಿದ್ದ.

“ಹೇಗಿವೆ?”

“ನಾನು ಚೆನ್ನಾಗಿದೀನಿ, ಕೇಳಿದ್ದಕ್ಕೆ ಸಂತೋಷ. ಅವೂ ಕಳೆಕಳೆಯಾಗಿವೆ.”

“ದುಂಡಗಿವೆಯಾ?”

“ದುಂಡಗೆ ಅಂದ್ರೆ ದುಂಡಗೆ. ನೋಡಿದ್ರೆ ನಿನ್ನ ಬಾಯಿಂದ ಮಾತೇ ಹೊರಡಲ್ಲ.”

ಅದು ಅಕ್ಷರಶಃ ನಿಜವಾಯಿತು. ಪ್ರದರ್ಶನದ ಹಿಂದಿನ ಮಧ್ಯಾಹ್ನ ಊರಿಗೆ ಬಂದ ವಿಲ್ಫ್ ಟೋಪಿಯನ್ನೂ ತೆಗೆಯದೆ ಹಿತ್ತಲಿಗೆ ಹೋದ. ಛತ್ರಿಗಳ ನೆರಳಿನಲ್ಲಿ ನಾಗಪುರದ ಕಿತ್ತಳೆಯಷ್ಟು ದಪ್ಪ ದಪ್ಪ ಕಡುಕೆಂಪು ಹೂಗಳು, ಮದುವೆಯೂಟ ಮುಗಿಸಿದ ನೆಂಟರ ಹಾಗೆ ತೃಪ್ತಿಯಿಂದ ತಲೆದೂಗುತ್ತಿದ್ದವು. ಅವನ ಗಂಟಲಿನಿಂದ ಕೆಟಲಿನಲ್ಲಿ ನೀರು ಕುದಿಯುವಂಥದೊಂದು ಸದ್ದು ಹೊರಟಿತು.

“ಇವಕ್ಕೆ ಏನು ಹಾಕಿದೆ, ಮರ್ಟಲ್?”

“ಅಪ್ಪನ ಪಾಕ.” ಅವಳು ಹೆಮ್ಮೆಯಿಂದ ಮೂಲೆಯ ಪೀಪಾಯಿ ತೋರಿಸಿದಳು. ಕುರಿಹಿಕ್ಕೆ ಕಟ್ಟಿದ ಗೋಣಿಚೀಲ, ಹಳಸಿದ ಬಿಯರು, ಮೇಲಿಷ್ಟು ಸಕ್ಕರೆ. ಅದರ ಕಂಪಿಗೆ ಬೆಕ್ಕು ಮೂರು ಮನೆ ಆಚೆ ಹೋಗಿ ಮಲಗಿತ್ತು.

“ಪಕ್ಕದ ಮೊಗ್ಗುಗಳೆಲ್ಲಿ?”

“ಚಿವುಟಿ ಹಾಕಿದೆ. ಪಾಪ, ಇದ್ದಿದ್ದನ್ನ ಹಂಚ್ಕೊಂಡು ತಿನ್ನೋದ್ಯಾಕೆ? ಕೊಂಬೆಗೊಂದೇ ಇರ್ಲಿ ಅಂತ.”

ವಿಲ್ಫ್ ಕಿಸೆಯಲ್ಲಿದ್ದ ಬಳೆ ತೆಗೆದು ಒಂದು ಹೂವಿನ ಮೇಲಿಟ್ಟ. ಅದು ಕೆಳಗಿಳಿಯಲಿಲ್ಲ. ರಾಜನ ತಲೆಯ ಮೇಲಿನ ಕಿರೀಟದಂತೆ ಅಲ್ಲೇ ಕುಳಿತುಕೊಂಡಿತು.

“ಇದೇನು, ಪರದೆಯ ಬಳೆನಾ?”

ಅವನು ವಿವರಿಸಿದ. ಕೇಳುತ್ತ ಕೇಳುತ್ತ ಅವಳ ಮುಖ ಇಳಿಯಿತು. ಆಮೇಲೆ ಕೆಂಪೇರಿತು.

“ಹಾಗಾದ್ರೆ ಇಷ್ಟು ವರ್ಷ ಇವನ್ನ ಬೇಕೂಂತಲೇ ಉಪವಾಸ ಕೆಡವ್ತಿದ್ದೆಯಾ?”

“ಅದೇ ಕಲೆ ಕಣೇ!”

“ಕಲೆ ಅಂತೆ. ಹೊರಗೆ ಯಾರ ಹತ್ರಾನೂ ಹೇಳ್ಕೋಬೇಡ.”

ಇನ್ನು ಉಳಿದದ್ದು ಒಂದೇ ಸಂಜೆ. ವಿಲ್ಫ್ ಕೆಲವು ಹೂಗಳನ್ನು ಕೊಯ್ದು ಚಿಕಿತ್ಸೆಗೆ ತೊಡಗಿದ. ಒಂದರ ಹಿಂದಿನ ಸಾಲಿನ ಎಸಳುಗಳನ್ನು ಕಿತ್ತ. ಹೂವು ಪಾದ್ರಿಯವರ ತಲೆಯಂತೆ ಹಿಂದಿನಿಂದ ಬೋಳಾಯಿತು. ಒಂದನ್ನು ಚಳಿಗೆ ಮುದುಡಲೆಂದು ಐಸಿನ ಬಟ್ಟಲಿನಲ್ಲಿ ಕೂರಿಸಿದ. ಮುದುಡಿದ್ದು ಅವನ ಬೆರಳುಗಳು. ಮತ್ತೊಂದನ್ನು ಮರ್ಟಲ್‌ಳ ಹಳೆಯ ಕಾಲುಚೀಲದಲ್ಲಿ ಬಿಗಿದು ಕಟ್ಟಿದ. ಬಿಚ್ಚಿ ನೋಡಿದರೆ ಅದು ಕೋಳಿಮೊಟ್ಟೆಯ ಆಕಾರ ತಾಳಿತ್ತು. ಅಷ್ಟರಲ್ಲಿ ಗೋಡೆಯ ಮೇಲೆ ನಾರ್ಮನ್‌ನ ಗಲ್ಲ ಕಾಣಿಸಿಕೊಂಡಿತು.

“ಎಲೆಕೋಸು ಈ ಸಲ ಚೆನ್ನಾಗಿ ಬಂದಿದೆ, ವಿಲ್ಫ್,” ಎಂದಿತು ಆ ಗಲ್ಲ.

ಮರುದಿನ ವಿಲ್ಫ್ ಹಾಸಿಗೆ ಬಿಟ್ಟೇಳಲು ಒಪ್ಪಲಿಲ್ಲ. ಮರ್ಟಲ್ ತಾನೇ ಐದು ಹೂ ಕೊಯ್ದು ಬಕೀಟಿನಲ್ಲಿಟ್ಟು, ಅವನಿಗೆ ಕೋಟು ತೊಡಿಸಿ ಪ್ರದರ್ಶನದ ಸಭಾಂಗಣಕ್ಕೆ ಎಳೆದುಕೊಂಡು ಹೋದಳು. ಅಲ್ಲಿನ ಕಾರ್ಯದರ್ಶಿ ಮಿಸ್ ಪಿಕರ್ಸ್‌ಗಿಲ್ ಕನ್ನಡಕದ ಮೇಲಿನಿಂದ ಬಕೀಟಿಗೆ ಕಣ್ಣು ಹಾಯಿಸಿದಳು.

“ಇವನ್ನ ಪಾಂಪನ್ ಅಂತ ಇಡೋಕೆ ಆಗಲ್ಲ ಮಿಸ್ಟರ್ ಹೆಡ್ಲಿ. ಬಳೆ ಇಳಿಯದ ದುಂಡು ಹೂವಿಗೆ ಬೇರೆ ಮೇಜಿದೆ, ಅಗೋ ಆ ಮೂಲೆಯಲ್ಲಿ. ಬೆಳೆಸಿದವರ ಹೆಸರೇನು ಬರೀಲಿ?”

“ಹೆಡ್ಲಿ.”

“ಯಾವ ಹೆಡ್ಲಿ?”

ವಿಲ್ಫ್ ಬಾಯಿ ತೆರೆದ. ಎರಡು ಮೊಳದ ದೂರದಲ್ಲಿ ನಾರ್ಮನ್ ತನ್ನ ಪಾಂಪನ್ ಒಂದನ್ನು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕಿವಿಗೊಟ್ಟಿದ್ದ. ತನ್ನ ಹೆಸರು ಬರೆಸಿದರೆ ಪಾಂಪನ್‌ಗೆ ಲೀಕ್‌ನ ಪಾಕ ಕುಡಿಸಿದವನು ತಾನೇ ಎಂದು ಊರೆದುರು ಒಪ್ಪಿಕೊಂಡ ಹಾಗೆ. ಕ್ಲಬ್ಬಿನಲ್ಲಿ ಮತ್ತೆ ತಲೆ ಎತ್ತುವಂತಿಲ್ಲ. ವಿಲ್ಫ್ ಎದೆ ಸೆಟೆದು, ಸಭಾಂಗಣದ ಕೊನೆಗೂ ಕೇಳುವಂತೆ ಹೇಳಿದ:

“ಮರ್ಟಲ್ ಹೆಡ್ಲಿ ಅಂತ ಬರ್ಕೊಳ್ಳಿ. ಇದರಲ್ಲಿ ನಂದೇನೂ ಇಲ್ಲ. ಇವುಗಳ ಒಂದು ಎಸಳನ್ನೂ ನಾನು ಮುಟ್ಟಿಲ್ಲ.”

“ನಿಜವಾಗ್ಲೂ ನನ್ನ ಹೆಸರಾ?” ಮರ್ಟಲ್ ಮೆಲ್ಲಗೆ ಕೇಳಿದಳು.

“ನಿಂದೇ. ಪೂರ್ತಿ ನಿಂದೇ.”

ತೀರ್ಪು ಮುಗಿದು ಬಾಗಿಲು ತೆರೆದಾಗ ಪಾಂಪನ್ ಬಟ್ಟಲು ಎಂದಿನಂತೆ ನಾರ್ಮನ್‌ನ ಹೂಗಳ ಪಕ್ಕದಲ್ಲಿತ್ತು. ಹೋಗಲಿ, ಮಾನವಾದರೂ ಉಳಿಯಿತೆಂದು ವಿಲ್ಫ್ ಸಮಾಧಾನ ಮಾಡಿಕೊಂಡ. ಆಗ ಅವನಿಗೆ ಸಭಾಂಗಣದ ನಡುವಿನ ಮೇಜಿನ ಸುತ್ತ ನೆರೆದ ಜನ ಕಂಡರು. ಇಡೀ ಪ್ರದರ್ಶನದ ಸರ್ವೋತ್ತಮ ಹೂವಿಗೆ ಮೀಸಲಾದ ಮೇಜು ಅದು. ಅಲ್ಲಿ ಆ ಐದು ಕಡುಕೆಂಪು ಹೂಗಳು ಬೀಗುತ್ತಿದ್ದವು. ಪಕ್ಕದಲ್ಲಿದ್ದ ಬೆಳ್ಳಿಯ ಪಾತ್ರೆಯೋ, ಅದರೊಳಗೆ ಮಗುವಿಗೆ ಸ್ನಾನ ಮಾಡಿಸಬಹುದಿತ್ತು. ಅದರ ಮುಂದೆ ನಾರ್ಮನ್‌ನ ಬಟ್ಟಲು ಉಪ್ಪಿನಕಾಯಿ ಬಡಿಸುವುದಕ್ಕೆ ಸರಿ.

ವಿಲ್ಫ್‌ನ ಕಾಲು ತಾನಾಗಿಯೇ ಅತ್ತ ನಡೆಯಿತು.

“ಅಲ್ಲಾ ಮಿಸ್ ಪಿಕರ್ಸ್‌ಗಿಲ್, ಗೆಡ್ಡೆ ನೆಟ್ಟಿದ್ದು ನಾನು ಅಂತ ಒಂದು ಮಾತು...”

“ಒಂದು ಎಸಳನ್ನೂ ಮುಟ್ಟಿಲ್ಲ ಅಂದ್ರಲ್ಲ, ಮಿಸ್ಟರ್ ಹೆಡ್ಲಿ?”

“ನಾನೂ ಕೇಳಿಸ್ಕೊಂಡೆ,” ಎಂದ ನಾರ್ಮನ್. ಜೀವನದಲ್ಲಿ ಮೊದಲ ಸಲ ಅವನು ಹೆಡ್ಲಿ ಮನೆತನದ ಪರವಾಗಿ ಸಾಕ್ಷಿ ಹೇಳುತ್ತಿದ್ದ. “ಗಟ್ಟಿಯಾಗೇ ಹೇಳಿದ.”

ಹೊರಊರಿನಿಂದ ಬಂದಿದ್ದ ತೀರ್ಪುಗಾರರು ಮರ್ಟಲ್‌ಳ ಕೈ ಕುಲುಕಿ, ಇಂಥ ಬಣ್ಣ, ಇಂಥ ಮೈಕಟ್ಟು ತಾವು ಕಂಡಿಲ್ಲವೆಂದು ಹೊಗಳಿದರು. ಗೊಬ್ಬರ ಯಾವುದೆಂದು ಕೇಳಿದರು. ಅದು ತವರಿನ ಗುಟ್ಟೆಂದು ಅವಳು ನಕ್ಕಳು. ಆಗ ಅವರ ಕಣ್ಣು ಅವಳ ಹಿಂದೆ ಖಾಲಿ ಬಕೀಟು ಹಿಡಿದು ನಿಂತವನ ಮೇಲೆ ಬಿತ್ತು.

“ಇವರು?”

“ನನ್ನ ಗಂಡ.”

“ಓಹೋ. ಇವರಿಗೂ ತೋಟದ ಕೆಲಸ ಬರುತ್ತಾ?”

ಮರ್ಟಲ್ ತಿರುಗಿ ವಿಲ್ಫ್‌ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಪ್ರೀತಿಯಿಂದ ನೋಡಿದಳು.

“ನೀರು ಹೊರ್ತಾನೆ,” ಎಂದಳು. “ಹೇಳ್ಕೊಟ್ರೆ ಕಲೀತಾನೆ.”