ಮೋಟು ಹೆಸರು ಕೊಟ್ಟ ರಜೆ

ಕೆಲಸ ತಪ್ಪಿಸಿಕೊಳ್ಳಲು ಪಟ್ಟ ಪಾಡನ್ನು ಕೆಲಸ ಮಾಡಲು ಪಟ್ಟಿದ್ದರೆ ನನಗೆ ಎಂದೋ ಬಡ್ತಿ ಸಿಗುತ್ತಿತ್ತು. ತೊಂಬತ್ತರ ದಶಕದಲ್ಲಿ, ಸಂಭಾಜಿನಗರ ಇನ್ನೂ ಔರಂಗಾಬಾದ್ ಆಗಿದ್ದಾಗ, ಅಲ್ಲಿನ ಚಿಕಲಠಾಣಾದ ನಮ್ಮ ಸರ್ಕಾರಿ ಕಚೇರಿಗೆ ಕಂಪ್ಯೂಟರ್ ಬಂತು. ಪತ್ರ ಟೈಪು ಮಾಡುವ ಅದರ ಎಡಿಟರಿನಲ್ಲಿ, ಹೆಸರು ಒತ್ತಿದರೆ ಹೇಳಿದ ಕೆಲಸ ತಾನೇ ಮಾಡುವ ಫಂಕ್ಷನ್ ನಾವೇ ಬರೆದಿಡಬಹುದೆಂದು ತಿಳಿದದ್ದೇ ತಡ, ಪತ್ರದ ಕೊನೆಗೆ ಸಾಹೇಬರ ಹೆಸರು, ಹುದ್ದೆ ತಾನಾಗಿ ಕೂರಿಸುವ ಒಂದನ್ನು ಬರೆದೆ. ಅದಕ್ಕಿಟ್ಟ ಹೆಸರು ಮಾತ್ರ ರೈಲಿನಷ್ಟು ಉದ್ದ. ಟೈಪಿಸ್ಟ್ ಶಿಂದೆಬಾಯಿ “ಎವ್ಢಂ ಮೋಠಂ ನಾವ್!” ಇಷ್ಟುದ್ದದ ಹೆಸರೇ ಎಂದು ಹಣೆ ಚಚ್ಚಿಕೊಂಡರು. ಅವರಿಗಾಗಿ ಅದೇ ಫಂಕ್ಷನ್ನಿಗೆ ಎರಡಕ್ಷರದ ಮೋಟು ಹೆಸರೊಂದನ್ನೂ ಕೊಟ್ಟೆ.

ಆಮೇಲೆ ದೇಶಪಾಂಡೆ ಸಾಹೇಬರು ನಾಶಿಕ್‌ಗೆ ವರ್ಗವಾಗಿ, ಕದಮ್ ಸಾಹೇಬರು ಬಂದರು. ಫಂಕ್ಷನ್ ತಿದ್ದಿದೆ, ಉದ್ದ ಹೆಸರಿನಿಂದ ಕರೆದು ನೋಡಿದೆ, ಸರಿಯಿತ್ತು. ಅಷ್ಟಕ್ಕೇ ಕೈತೊಳೆದುಕೊಂಡೆ. ಮನಸ್ಸೆಲ್ಲ ಹುಬ್ಬಳ್ಳಿಯಲ್ಲಿತ್ತು. ಅಲ್ಲಿ ಹೆಂಡತಿಯ ತಮ್ಮನ ಮದುವೆ. ಹಿರಿಯ ಅಳಿಯನಾದ ನನಗೆ ಮಾವನವರು ತುಂಬಿದ ಸಭೆಯಲ್ಲಿ ರುಮಾಲು ಸುತ್ತುವವರಿದ್ದರು. “ಈ ಸಲಾನೂ ತಪ್ಪಿಸಿದ್ರ ನಾ ಮಾತಾಡಂಗಿಲ್ಲ ನೋಡ್ರಿ” ಎಂದು ಹೆಂಡತಿ ಮೊದಲೇ ಹೇಳಿಟ್ಟಿದ್ದಳು.

ಶಿಂದೆಬಾಯಿ ನನ್ನ ರಜೆಯ ಆದೇಶ ಟೈಪು ಮಾಡಿ, ಕೊನೆಗೆ ಎಂದಿನಂತೆ ಮೋಟು ಹೆಸರು ಒತ್ತಿ ಒಯ್ದರು. ಸಹಿಗೆ ಪೆನ್ನು ತೆಗೆದ ಕದಮ್ ಸಾಹೇಬರು ಹಾಗೇ ನಿಂತರು. ಕೆಳಗೆ ದೇಶಪಾಂಡೆಯವರ ಹೆಸರು! “ಹೀ ರಜಾ ನಾಶಿಕ್‌ಲಾ ಜಾವೂನ್ ಮಾಗಾ!” ನಾಶಿಕ್‌ಗೇ ಹೋಗಿ ಕೇಳಿಕೊಳ್ಳಬೇಕಂತೆ ರಜೆಯನ್ನು.

ಎಡವಟ್ಟು ನನ್ನದೇ. ಮೋಟು ಹೆಸರನ್ನು ಉದ್ದ ಹೆಸರಿಗೆ ಕಟ್ಟುವ ಬದಲು ಅಂದಿನ ಫಂಕ್ಷನ್ನಿಗೇ ನೇರ ಕಟ್ಟಿಬಿಟ್ಟಿದ್ದೆ. ಉದ್ದ ಹೆಸರಿನಡಿ ಹೊಸದು ಬಂದು ಕೂತರೂ ಮೋಟು ಹೆಸರು ಹಳೆಯದನ್ನೇ ಹಿಡಿದುಕೊಂಡಿತ್ತು. ನಮ್ಮ ಮನೆಯಲ್ಲೂ ಇದೇ ಕಥೆ. ಸೊಸೆಗೆ ಹೊಸ ಹೆಸರಿಡುವ ನಮ್ಮ ಪದ್ಧತಿಯಂತೆ ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದು ನನ್ನ ಹೆಂಡತಿಗೆ ವೈಶಾಲಿ ಎಂದು ಹೆಸರಿಟ್ಟೆವು. ತವರಿನಲ್ಲಿ ಅವಳು ಇಂದಿಗೂ ಕಮಲಿ. ಕಮಲಿ ಎಂದರೆ ಅವರ ಕಣ್ಣಿಗೆ ಬರುವುದು ಬೈದರೆ ಅಳುವ ಎರಡು ಜಡೆಯ ಹುಡುಗಿ. ನನ್ನನ್ನು ಬೈಯುವ ವೈಶಾಲಿಯ ಸುದ್ದಿಯೇ ಪಾಪ ಅವರಿಗೆ ತಲುಪಿಲ್ಲ.

ಮೋಟು ಹೆಸರನ್ನು ಬಿಚ್ಚಿ ಉದ್ದ ಹೆಸರಿಗೆ ಕಟ್ಟಿದೆ. ಇನ್ನು ಯಾವ ಸಾಹೇಬರು ಬಂದರೂ ಚಿಂತೆಯಿಲ್ಲ. ರಜೆಗೆ ಸಹಿಯೂ ಬಿತ್ತು. ಅಷ್ಟಕ್ಕೇ ಸುಮ್ಮನಿರಬಾರದೇ? ಕದಮ್ ಸಾಹೇಬರನ್ನು ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದೆ. ಅವರು “ವಾ!” ಎಂದು ಬೆನ್ನು ತಟ್ಟಿ, ಅಲ್ಲೇ ನಾಶಿಕ್‌ಗೆ ಫೋನು ಹಚ್ಚಿದರು. ಅಲ್ಲಿಯೂ ಇದು ಬೇಕಂತೆ, ತಕ್ಷಣ ಬೇಕಂತೆ, ನಾನೇ ಹೋಗಿ ಹಾಕಿಕೊಡಬೇಕಂತೆ. ರಜೆ ರದ್ದಾಯಿತು. ರದ್ದಿನ ಆದೇಶದಲ್ಲಿ ಕದಮ್ ಸಾಹೇಬರ ಹೆಸರು ಒಂದಿಷ್ಟೂ ತಪ್ಪಿಲ್ಲದೆ ಬಿದ್ದಿತ್ತು.

ಹೆಂಡತಿ ಒಬ್ಬಳೇ ಹೋಗಿಬಂದಳು. ಮದುವೆಯ ಫೋಟೋದಲ್ಲಿ ನನ್ನ ಜಾಗದಲ್ಲಿ ನನ್ನ ಷಡ್ಡಕ ನಿಂತಿದ್ದ, ತಲೆಯ ಮೇಲೆ ಜರಿಯ ರುಮಾಲು. “ಭಾಳ ಒಪ್ಪಿತ್ತು ನೋಡ್ರಿ ಅವರಿಗೆ” ಎಂದಳು. ಅಂದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ತಪ್ಪು ನನ್ನದಲ್ಲವೇ, ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡೆ.