ಬಾಗಿಲಿರುವ ಸೀಟು, ಬಾಗಿಲಿಲ್ಲದ ಸೀಟು

ಗೊತ್ತಿಲ್ಲದ ವಿಷಯದ ಬಗ್ಗೆ ಗಟ್ಟಿಯಾಗಿ ಮಾತಾಡಲು ಧೈರ್ಯ ಬೇಕು ಅಂತ ಕೆಲವರು ತಿಳಿದಿದ್ದಾರೆ. ಧೈರ್ಯ ಬೇಡ, ಒಂದು ಕೌಂಟರ್ ಸಾಕು. ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ ಇದೆ. ಬಸ್ಸು, ತಾಳಗುಪ್ಪದ ರೈಲು, ಅಪರೂಪಕ್ಕೊಮ್ಮೆ ವಿಮಾನ. "ರೆಕ್ಕೆ ಹತ್ರದ ಸೀಟು ತಗೊಳ್ಳಿ, ಅಲ್ಲಾಡೋದು ಕಡಿಮೆ" ಎಂದು ಕೌಂಟರಿನ ಆಚೆ ನಿಂತವರಿಗೆ ಎಷ್ಟೋ ವರ್ಷದಿಂದ ಹೇಳುತ್ತ ಬಂದಿದ್ದೇನೆ. ನಾನು ಮಾತ್ರ ವಿಮಾನ ಹತ್ತಿದವನಲ್ಲ. ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಈ ಏರ್ಪಾಡು ಸುಖವಾಗಿಯೇ ನಡೆಯುತ್ತಿತ್ತು, ನಮ್ಮ ಅಕ್ಕನಿಗೆ ಜರ್ಮನಿಯಿಂದ ಕರೆ ಬರುವವರೆಗೆ. ಅಕ್ಕ ಮರ ಕೆತ್ತುವವಳು. ಅಪ್ಪ ಅದೇ ಉಳಿಯನ್ನು ನನ್ನ ಕೈಗೂ ಕೊಟ್ಟು ನೋಡಿದ್ದರು. ನಾನು ಕೆತ್ತಿದ ಆನೆಯನ್ನು ಮನೆಗೆ ಬಂದವರೊಬ್ಬರು ಹಂದಿ ಅಂದದ್ದರಿಂದ ಟಿಕೆಟ್ ವ್ಯವಹಾರಕ್ಕೆ ಬಂದೆ. ಅಕ್ಕನ ಪ್ರಕಾರ ಅವರು ಹಂದಿ ಅನ್ನಲಿಲ್ಲ, ಮೊಲ ಅಂದರು. ನನ್ನ ನೆನಪುಗಳೂ ಆ ಆನೆಯ ಹಾಗೇ ಇವೆ. ಕಿವಿ ನೋಡಿ ನಂಬಬೇಡಿ. ಕರೆ ಬಂದದ್ದಂತೂ ನಿಜ. ಅಲ್ಲೊಂದು ಊರಿನ ಮರಗೆಲಸದ ಮೇಳದಲ್ಲಿ ಮೂರು ದಿನ ಜನರ ಎದುರು ಕೂತು ಅವಳು ಕೆತ್ತಬೇಕಿತ್ತು. ಅರವತ್ತೆರಡರ ಅಕ್ಕನಿಗೆ ಇದು ಮೊದಲನೆಯ ಕರೆ. ಎರಡನೆಯದು ಬರುತ್ತದೆ ಅಂತ ಯಾರೂ ಬರೆದುಕೊಟ್ಟಿರಲಿಲ್ಲ.

ತೊಂದರೆ ಇದ್ದದ್ದು ಪಾದಗಳಲ್ಲಿ. ಅಕ್ಕ ಕೆತ್ತುವುದು ನೆಲದ ಮೇಲೆ ಕೂತು, ಎರಡು ಪಾದಗಳ ನಡುವೆ ಮರದ ತುಂಡನ್ನು ಹಿಡಿದು. ಉಳಿ ಎಷ್ಟು ಮುಖ್ಯವೋ ಪಾದವೂ ಅಷ್ಟೇ. ಕಾಲು ಇಳಿಬಿಟ್ಟು ಎರಡು ಗಂಟೆ ಕೂತರೆ ಅವು ಪೂರಿಯ ಹಾಗೆ ಊದುತ್ತವೆ. ಊತ ಇಳಿಯಲು ಎರಡು ದಿನ ಬೇಕು. ವಿಮಾನದಲ್ಲಿ ಕೂರುವುದೋ ಹತ್ತು ಗಂಟೆ. "ಅಲ್ಲಿ ತನಕ ಹೋಗಿ ಊದಿದ ಕಾಲು ತೋರಿಸ್ಕಂಡು ಬರ್ಲಾ? ಚಕ್ಕಳಮಕ್ಕಳ ಹಾಕಿ ಕೂರೋಕೆ ಆಗತ್ತೆ ಅಂದ್ರೆ ಬರ್ತೀನಿ ಅನ್ನು. ಇಲ್ದಿದ್ರೆ ಬೇಡ ಮಾರಾಯ" ಅಂದಳು. ಇದನ್ನು ಬರೆದು ತಿಳಿಸಿದೆ. ಮೇಳದವರು ದೊಡ್ಡ ಮನಸ್ಸು ಮಾಡಿ, ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಡುತ್ತೇವೆ, ಅದರಲ್ಲೇ ಸಾದಾ ಮತ್ತು ಪ್ರೀಮಿಯಂ ಎಂದು ಎರಡು ಬಗೆ ಇವೆ, ಯಾವುದಾಗಬಹುದು ಎಂದು ಶುಕ್ರವಾರದೊಳಗೆ ಹೇಳಿ ಅಂದರು.

ಸಾಗರದಲ್ಲಿ ಈ ಎರಡನ್ನು ಹೋಲಿಸಿ ಹೇಳಬಲ್ಲ ತಜ್ಞ ಅಂದರೆ ನಾನೇ. ಕಂಪ್ಯೂಟರ್ ಎದುರು ಕೂತು ಚಿತ್ರಗಳನ್ನೆಲ್ಲ ನೋಡಿದೆ. ಸಾದಾ ಬಿಸಿನೆಸ್ ಸೀಟೂ ಹಾಸಿಗೆಯಾಗುತ್ತದೆ, ಆದರೆ ಪಾದಗಳನ್ನು ಮುಂದಿನವರ ಸೀಟಿನ ಪಕ್ಕದ ಒಂದು ಗೂಡಿನೊಳಗೆ ತೂರಿಸಬೇಕು. ಪ್ರೀಮಿಯಂ ಸೀಟು ಮೊದಲ ಸಾಲಿನದು. ಅಲ್ಲಿ ಗೂಡಿಲ್ಲ, ಎದುರಿಗೆ ಕಾಲು ಚಾಚಲು ಇನ್ನೊಂದು ಪುಟ್ಟ ಮೆತ್ತೆ, ದೊಡ್ಡ ಟಿವಿ, ಎಳೆದರೆ ಮುಚ್ಚಿಕೊಳ್ಳುವ ಎದೆಮಟ್ಟದ ಬಾಗಿಲು.

"ಮಲಗೇ ಹೋಗ್ಬೋದಲ್ಲ ಅಕ್ಕ?"

"ಹಗಲಿನ ವಿಮಾನ ಅಂತೀಯ. ಹತ್ತು ಗಂಟೆ ಮಲಗೋಕೆ ನಂಗೇನು ಜ್ವರವಾ?"

"ಇದಕ್ಕೆ ಬಾಗಿಲೂ ಇದೆ."

"ಬಾಗ್ಲು ಯಾಕೋ? ನಾನೇನು ಬಾಣಂತಿಯಾ?"

ಅಳತೆಗಳನ್ನು ಹುಡುಕಿ ತೆಗೆದು, ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡೂ ಸೀಟುಗಳನ್ನು ಬರೆದೆ. ಅಕ್ಕ ಸಾದಾ ಸೀಟಿನಲ್ಲಿ ಚಕ್ಕಳಮಕ್ಕಳ ಕೂತಳು. ಎರಡು ಮಂಡಿಯೂ ಗೆರೆ ದಾಟಿದವು. ಪ್ರೀಮಿಯಂನಲ್ಲಿ ಕೂತಳು. ಅಲ್ಲೂ ದಾಟಿದವು, ಬೆರಳಷ್ಟು ಕಡಿಮೆ. ಆಮೇಲೆ ಸುಮ್ಮನೆ ಮುಂದಕ್ಕೆ ಸರಿದು, ಸೀಟಿಗೂ ಎದುರಿನ ಮೆತ್ತೆಗೂ ನಡುವೆ ಕೂತು, "ಇಲ್ಲಿ ಚೆನ್ನಾಗಿದೆ" ಅಂದಳು.

"ಅಕ್ಕ, ಅದು ಸೀಟಲ್ಲ. ಕಾಲಿಡೋ ಜಾಗ."

"ಹೂಂ" ಅಂದಳು. ಆ 'ಹೂಂ' ಅನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ತಜ್ಞರು ಹಿಡಿಯುವುದಿಲ್ಲ.

ಗೆರೆಯಿಂದ ತೀರ್ಮಾನವಾಗದ್ದು ಅನುಭವದಿಂದ ಆದೀತು ಎಂದು ಮರುದಿನ ಅಕ್ಕನನ್ನು ಹೊಸನಗರದ ಮೇಲೆ ಹೋಗುವ ತೀರ್ಥಹಳ್ಳಿ ಬಸ್ಸಿಗೆ ಹತ್ತಿಸಿ, ಜೊತೆಗೆ ನಾನೂ ಹತ್ತಿದೆ. ಹೋಗುವಾಗ ಬಾಗಿಲ ಪಕ್ಕದ ಮೊದಲ ಸೀಟು, ಅಂದರೆ ಪ್ರೀಮಿಯಂ. ಬರುವಾಗ ಮೂರನೇ ಸಾಲು, ಸಾದಾ. ಕಿಟಕಿಯಿಂದ ಟವೆಲ್ ಎಸೆದು ಪ್ರೀಮಿಯಂ ಕಾದಿರಿಸಿದೆ. ಅಕ್ಕ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಳು. ಊರು ದಾಟುವಷ್ಟರಲ್ಲಿ ಕಂಡಕ್ಟರ್, "ಅಮ್ಮಾ, ಹೆಂಗೂ ಕಾಲು ಮೇಲಿದೆ, ಇದು ಸ್ವಲ್ಪ ಇಲ್ಲಿರ್ಲಿ" ಎಂದು ಯಾರದೋ ಮಿಕ್ಸಿಯ ಪೆಟ್ಟಿಗೆ ತಂದು ಅವಳ ಸೀಟಿನ ಮುಂದೆ ಇಟ್ಟ. ಹೊಸನಗರದ ಹೊತ್ತಿಗೆ ಅದರ ಮೇಲೆ ಒಂದು ಹಿಂಡಿಯ ಚೀಲ, ಎರಡು ಪೊರಕೆ. ಈ ಪ್ರಸಂಗವನ್ನು ಹೇಳಿದಾಗಲೆಲ್ಲ ಸಾಮಾನು ಹೆಚ್ಚುತ್ತಿದೆ, ಕಳೆದ ಸಲ ಕೋಳಿಮರಿಗಳೂ ಬಂದವು. ಬೇಕಾದರೆ ಪೊರಕೆಯನ್ನೂ ಬಿಟ್ಟುಬಿಡಿ. ಮಿಕ್ಸಿ ಇದ್ದದ್ದು ಖಂಡಿತ, ಏಕೆಂದರೆ ಅದನ್ನು ಎಡವಿದವನು ನಾನು.

ವಾಪಸು ಬರುವಾಗ ಮೂರನೇ ಸಾಲಿನ ಇಕ್ಕಟ್ಟಿನಲ್ಲಿ ಅಕ್ಕ ಕಾಲು ಇಳಿಬಿಟ್ಟೇ ಕೂರಬೇಕಾಯಿತು. ಹೊಸನಗರ ದಾಟಿದ ಮೇಲೆ ಬಗ್ಗಿ ಹೆಬ್ಬೆರಳಿನಿಂದ ಪಾದ ಒತ್ತಿ ನೋಡಿಕೊಂಡಳು. ಒತ್ತಿದ ಗುಳಿ ಹಾಗೇ ಉಳಿಯಿತು. ಇಬ್ಬರೂ ಅದನ್ನೇ ನೋಡಿದೆವು. ಜರ್ಮನಿಯ ಮಾತು ಅಲ್ಲಿಗೆ ಮುಗಿಯಿತು ಅಂತ ನನಗೆ ಅನ್ನಿಸಿತು.

"ವಿಮಾನದಲ್ಲೂ ಮುಂದಿನ ಸೀಟಿನವ್ರ ಕಾಲಡಿ ಊರವರ ಸಾಮಾನೆಲ್ಲ ಇಡ್ತಾರಾ?" ಅಂತ ಕೇಳಿದಳು.

"ಇಲ್ಲಕ್ಕ. ಹೇಳಿದ್ನಲ್ಲ, ಬಾಗಿಲು ಹಾಕ್ಕೋಬಹುದು. ಯಾರೂ ಒಳಗೆ ಬರಲ್ಲ."

"ಹಂಗಾದ್ರೆ ಬಾಗ್ಲಿಂದೇ ಹೇಳು. ಬರ್ತೀನಿ ಅಂತ ಬರಿ."

ಗುರುವಾರವೇ ಬರೆದೆ. ಮಂಡಿಗೆ ಬೆರಳಷ್ಟು ಹೆಚ್ಚು ಅಗಲ ಇರುವುದರಿಂದ ಪ್ರೀಮಿಯಂ ಸೂಕ್ತ ಎಂದು ಕಾರಣವನ್ನೂ ಸೇರಿಸಿದೆ. ತಜ್ಞನ ಅಭಿಪ್ರಾಯಕ್ಕೆ ಕಾರಣ ಇರಬೇಕಲ್ಲ.

ಅಕ್ಕ ಹೋದಳು. ಇಳಿದ ಮೇಲೆ ಫೋನ್ ಮಾಡಿದಳು. ಸೀಟು ಹೇಗಿತ್ತು ಅಂದೆ.

"ಯಾವ ಸೀಟು? ಬೆಲ್ಟ್ ಹಾಕು ಅಂದಾಗ ಹಾಕ್ಕಂಡು ಕೂತೆ. ಬೆಲ್ಟಿನ ದೀಪ ಆರಿದ್ಮೇಲೆ ಬಾಗ್ಲು ಎಳ್ಕಂಡು ಕೆಳಗೆ ಕೂತೆ."

"ಕೆಳಗೆ ಅಂದ್ರೆ?"

"ನೆಲದ ಮೇಲೆ. ನೀನೇ ಗೆರೆ ಎಳೆದು ತೋರಿಸಿದ್ಯಲ್ಲ. ಆ ಪುಟ್ಟ ಮೆತ್ತೆಗೆ ಬೆನ್ನು ಕೊಟ್ಟು ಕೂತ್ರೆ ಮನೇಲಿದ್ದಂಗೇ ಆಯ್ತು. ಊಟ ತಂದ ಹುಡುಗಿ ಬಾಗ್ಲ ಮೇಲಿಂದ ಇಣುಕಿ, ಸೀಟು ಖಾಲಿ ಕಂಡು ಗಾಬರಿಯಾದ್ಲು ಪಾಪ. ಆಮೇಲೆ ಕೆಳಗೆ ನೋಡಿ ಇನ್ನೊಂದು ದಿಂಬು ಕೊಟ್ಲು."

"ಪಾದ?"

"ಊದಿಲ್ಲ, ಚಪ್ಪಲಿ ಸರಿಯಾಗೇ ಆಗ್ತಿದೆ. ನಾಳೆ ಬೆಳಿಗ್ಗೆ ಕೆಲ್ಸ ಇದೆ, ಇಡು ಫೋನು."

ನಾನು ಒಂದು ವಾರ ಸೀಟು ಹೋಲಿಸಿದ್ದೆ. ಅವಳು ನೋಡುತ್ತಿದ್ದದ್ದು ಕಾಲಿಡುವ ಜಾಗವನ್ನು. ಮೇಳದ ಮೂರನೇ ದಿನ ಮತ್ತೆ ಫೋನು: "ಬರೋ ವರ್ಷನೂ ಬನ್ನಿ ಅಂತಿದಾರೆ ಕಣೋ. ಜೊತೆಗೊಬ್ರನ್ನ ಕರ್ಕೊಂಡು ಬರ್ಬೋದಂತೆ. ನೀನೂ ಹೊರಡು."

ಅವತ್ತು ಮಧ್ಯಾಹ್ನ ಸೀಮೆಸುಣ್ಣದ ಗೆರೆಯನ್ನು ಮತ್ತೊಮ್ಮೆ ತಿದ್ದಿ, ಕಾಲಿಡುವ ಜಾಗದಲ್ಲಿ ಚಕ್ಕಳಮಕ್ಕಳ ಕೂತು ನೋಡಿದೆ. ನಿಜಕ್ಕೂ ಚೆನ್ನಾಗಿತ್ತು. ಅಷ್ಟರಲ್ಲಿ ಆಚೆಯಿಂದ "ಯಾರೂ ಇಲ್ವಾ?" ಅಂತ ಕೇಳಿಸಿ, ಕೌಂಟರಿನ ಮೇಲಿಂದ ಒಂದು ತಲೆ ಇಣುಕಿತು. ದುಬೈಗೆ ಹೋಗುವವರಂತೆ. ಯಾವ ಸೀಟು ಒಳ್ಳೆಯದು ಅಂತ ಕೇಳಿದರು. ಆಮೇಲೆ, ಇಷ್ಟು ವರ್ಷದಲ್ಲಿ ಯಾರೂ ಕೇಳದ್ದನ್ನು ಕೇಳಿದರು: "ನೀವು ವಿಮಾನದಲ್ಲಿ ಹೋಗಿದೀರಾ ಸಾರ್?"

"ಇಲ್ಲ" ಅಂದೆ.

"ಮತ್ತೆ ಅಲ್ಲಿ ಕೆಳಗೆ ಕೂತು ಏನ್ ಮಾಡ್ತಿದೀರಿ?"

"ಅಭ್ಯಾಸ ಮಾಡ್ಕೊಳ್ತಿದೀನಿ" ಅಂದೆ.